ನಿಯಮದ ಐದನೆಯ ದಿನ

ಹತ್ತು ದಿನ ಮೊಬೈಲು, ಕಂಪ್ಯೂಟರು ಎರಡನ್ನೂ ಮುಟ್ಟಲಿಲ್ಲವೆಂದು ಬೋರಗಾಂವದ ಬಸದಿಯಲ್ಲಿ ನನಗೆ ಶಾಲು ಹೊದಿಸಿದರು. ನಾನು ಮುಟ್ಟಿದ್ದೆ. ಐದನೆಯ ದಿನ, ಮಧ್ಯಾಹ್ನ, ನಾಲ್ಕು ನಿಮಿಷ. ಅದು ಗೊತ್ತಿದ್ದೂ ಕುತ್ತಿಗೆ ಬಗ್ಗಿಸಿ ಶಾಲು ಹೊದಿಸಿಕೊಂಡೆ, ಕಾಯಿ ಕೈಗೆ ತೆಗೆದುಕೊಂಡೆ, ಫೋಟೋಕ್ಕೆ ನಿಂತೆ. ಫೋಟೋದಲ್ಲಿ ನನ್ನ ಮುಖ ಬಹಳ ಶಾಂತವಾಗಿ ಬಂದಿದೆ. ನೋಡಿದಾಗಲೆಲ್ಲ ಆ ಮುಖಕ್ಕೆ ಒಂದು ಬಾರಿಸಬೇಕು ಅನ್ನಿಸುತ್ತದೆ.

ನನ್ನ ಹೆಸರು ಜಿನೇಂದ್ರ. ಊರಲ್ಲಿ ನಮ್ಮದು ಎಂಟು ಪವರ್‌ಲೂಮುಗಳ ಶೆಡ್ಡು. ಹೊಟ್ಟೆಗೆ ಅದು, ಹುಚ್ಚಿಗೆ ಬುಗುರಿ. ಬುಗುರಿ ಅಂದರೆ ನಾನು ಬರೆದ ಒಂದು ಸಾಫ್ಟ್‌ವೇರು. ಚಿಕ್ಕವರಿದ್ದಾಗ ಟೀವಿಗೆ ಒಂದು ಡಬ್ಬಿ ಜೋಡಿಸಿ, ಅದಕ್ಕೆ ಕ್ಯಾಸೆಟ್ಟು ಸಿಕ್ಕಿಸಿ ವಿಡಿಯೋ ಗೇಮು ಆಡುತ್ತಿದ್ದೆವಲ್ಲ, ಆ ಡಬ್ಬಿಗಳೆಲ್ಲ ಈಗ ಗುಜರಿಗೆ ಹೋಗಿವೆ. ಬುಗುರಿ ಹಾಕಿಕೊಂಡರೆ ನಿಮ್ಮ ಕಂಪ್ಯೂಟರೋ ಫೋನೋ ತಾನೇ ಆ ಹಳೆಯ ಡಬ್ಬಿ ಎಂದು ನಟಿಸುತ್ತದೆ, ಹಳೆಯ ಆಟ ಇದ್ದ ಹಾಗೇ ನಡೆಯುತ್ತದೆ. ವಿಂಡೋಸ್, ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್ ನಾಲ್ಕರಲ್ಲೂ ಓಡುತ್ತದೆ. ದುಡ್ಡು ಕೇಳುವುದಿಲ್ಲ. ಬ್ರೆಜಿಲ್‌ನಿಂದ ಪೋಲೆಂಡಿನವರೆಗೆ ಹದಿನೆಂಟು ಸಾವಿರ ಮಂದಿ ಅದರಲ್ಲಿ ಆಡುತ್ತಾರೆ. ನಮ್ಮ ಓಣಿಯವರಿಗೆ ಮಾತ್ರ ಗೊತ್ತಿಲ್ಲ. ಜಿನೇಂದ್ರ ಕಂಪ್ಯೂಟರಿನಲ್ಲಿ ಏನೋ ಕಟಕಟ ಮಾಡುತ್ತಾನೆ ಅನ್ನುತ್ತಾರೆ.

ನಾಲ್ಕರಲ್ಲಿ ಮೂರು ನನ್ನವು, ಫೋನಿನದು ಮನೀಷಾಳದು. ಮನೀಷಾ ಅಕ್ಕೋಳದವಳು, ನಿಪ್ಪಾಣಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಾಳೆ. ಆರು ವರ್ಷದ ಹಿಂದೆ ಬುಗುರಿಯಲ್ಲಿ ಒಂದು ತಪ್ಪು ಹಿಡಿದು ನನಗೆ ಬರೆದಿದ್ದಳು. ಯಾವ ದೇಶದವರೋ ಎಂದು ಇಂಗ್ಲಿಷಿನಲ್ಲಿ ಉತ್ತರ ಬರೆದರೆ, ನೋಡುವುದೇನು, ಬೈಕಿನಲ್ಲಿ ಹೋಗಿ ಬರುವಷ್ಟು ದೂರದ ಊರು! ಆವತ್ತಿನಿಂದ ಫೋನಿನ ಬುಗುರಿ ಅವಳ ಕೂಸು. ನಾನು ಬರೆದದ್ದನ್ನು ಅವಳು ಒಂದು ದಿನ ಪೂರ್ತಿ ಕೂತು ಹನ್ನೊಂದು ಬೇರೆ ಬೇರೆ ಫೋನುಗಳಲ್ಲಿ ಹಾಕಿ ನೋಡುತ್ತಿದ್ದಳು. "ಇದೊಂದ ಬಿಟ್ರ ಎಲ್ಲಾ ಛಲೋ ಐತ್ರಿ ಅಣ್ಣಾ" ಎಂದು ಕೊನೆಗೆ ಬರೆಯುವುದು ಅವಳ ರೂಢಿ. ಆ 'ಇದೊಂದು' ಯಾವಾಗಲೂ ನನ್ನ ತಪ್ಪೇ ಆಗಿರುತ್ತಿತ್ತು. ಒಳಗೊಳಗೆ ಅದು ನನಗೆ ಚುಚ್ಚುತ್ತಿತ್ತು ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ.

ಅವಳ ಅವ್ವ ಗೌರಾಬಾಯಿ ಬುಗುರಿಯ ಅತಿ ಹಿರಿಯ ಆಟಗಾರ್ತಿ. ಮೂರು ವರ್ಷದ ಹಿಂದೆ ಲಕವಾ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಬೆರಳು ಆಡಿಸುತ್ತಿರಬೇಕೆಂದು ಡಾಕ್ಟರು ಹೇಳಿದರೆ ಮುದುಕಿ ಕೇಳಬೇಕಲ್ಲ. ಆಗ ಮನೀಷಾ ಫೋನಿನಲ್ಲಿ ಇರುವೆಯ ಆಟವೊಂದನ್ನು ಹಾಕಿಕೊಟ್ಟಳು. ಇರುವೆ ಸಕ್ಕರೆಯ ಹರಳು ಹೊತ್ತು, ಮೇಲಿನಿಂದ ಬೀಳುವ ನೀರಿನ ಹನಿ ತಪ್ಪಿಸಿಕೊಂಡು ಗೂಡು ಸೇರಬೇಕು. ಒಟ್ಟು ನೂರೈವತ್ತು ಗೂಡು. ಗೌರಾಬಾಯಿ ಅದನ್ನು ಬಲಗೈ ಹೆಬ್ಬೆರಳಿನಿಂದಲೇ ಆಡುತ್ತಿದ್ದರು. ಮೊದಲ ಗೂಡಿಗೆ ಎರಡು ತಿಂಗಳು ಹಿಡಿಯಿತು. ಈ ಶ್ರಾವಣಕ್ಕೆ ನೂರಾ ಮೂವತ್ತೊಂದರಲ್ಲಿದ್ದರು. "ನೂರೈವತ್ತ ಮುಗೀಲಿ, ನಿನಗ ಹೋಳಿಗಿ ಊಟ ಹಾಕತೇನಿ ತಮ್ಮಾ" ಎಂದು ನನಗೆ ಮಾತು ಕೊಟ್ಟಿದ್ದರು.

ಹೊಸ ಆವೃತ್ತಿ ಬಿಡುವುದು, ತಪ್ಪಿದ್ದರೆ ಹಿಂದಕ್ಕೆ ಪಡೆಯುವುದು, ಎರಡೂ ನನ್ನ ಪಾಸ್‌ವರ್ಡಿನಿಂದಲೇ ಆಗಬೇಕು. ಮನೀಷಾಳಿಗೂ ಕೊಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಕೊಟ್ಟಿರಲಿಲ್ಲ.

ಈ ಸಲ ಊರಿನಲ್ಲಿ ಮುನಿಮಹಾರಾಜರ ಚಾತುರ್ಮಾಸವಿತ್ತು. ನಮ್ಮ ಜೈನರ ದಶಲಕ್ಷಣ ಪರ್ವ ಹತ್ತಿರ ಬಂದಾಗ ಪ್ರವಚನ ಮುಗಿದ ಮೇಲೆ ಒಬ್ಬೊಬ್ಬರಾಗಿ ಎದ್ದು ಹತ್ತು ದಿನಕ್ಕೆ ಒಂದೊಂದು ನಿಯಮ ತೆಗೆದುಕೊಂಡರು. ಒಬ್ಬರು ಉಪ್ಪು ಬಿಟ್ಟರು, ಇನ್ನೊಬ್ಬರು ಹಾಲು ತುಪ್ಪ ಬಿಟ್ಟರು, ಕೆಲವರು ದಿನಕ್ಕೆ ಒಂದೇ ಊಟ ಎಂದರು. ನಾನೂ ಎದ್ದೆ.

"ಹತ್ತ ದಿನ ಮೊಬೈಲ್, ಕಂಪ್ಯೂಟರ್ ಮುಟ್ಟೂದಿಲ್ರಿ ಮಹಾರಾಜರ."

ಸಭೆಯಲ್ಲಿ ಗುಜುಗುಜು ಎದ್ದಿತು. ಬಸದಿಯ ಕಮಿಟಿಯ ಹಿರಿಯರು ನೇಮಿನಾಥ ಕಾಕಾ ಪೂರ್ತಿ ತಿರುಗಿ ನನ್ನನ್ನು ನೋಡಿದರು. "ಇದು ನೋಡ್ರಿ ಖರೇ ತ್ಯಾಗ, ಉಪ್ಪ ಬಿಡೂದ ಯಾವ ದೊಡ್ಡ ಮಾತ" ಎಂದರು. ಹದಿನೆಂಟು ಸಾವಿರ ಮಂದಿ ಬುಗುರಿ ಆಡಿದರೂ ಹುಟ್ಟದ ಸುಖ ಆ ಒಂದು ಮಾತಿನಿಂದ ಹುಟ್ಟಿತು. ಅಲ್ಲಿಂದಲೇ ನಾನು ಕೆಟ್ಟೆ.

ಬುಗುರಿಯ ಹೊಸ ಆವೃತ್ತಿ ಆ ವಾರ ಬರುತ್ತದೆಂದು ಜಗತ್ತಿಗೆಲ್ಲ ಸಾರಿಯಾಗಿತ್ತು. ನಿಯಮ ಗುರುವಾರ ಬೆಳಿಗ್ಗೆಯಿಂದ. ಬುಧವಾರ ಗಣೇಶ ಚೌತಿ. ಸಂಜೆ ಐದೂವರೆಗೆ ಮನೀಷಾಳಿಗೆ ಫೋನು ಮಾಡಿದೆ.

"ಅಣ್ಣಾ, ಇವತ್ತ ಮನ್ಯಾಗ ಗಣಪತಿ ಕುಂದರಸೇವಿ, ಮಂದಿ ಬರಾಕತ್ತಾರ" ಎಂದಳು. ಹಿಂದೆ ಆರತಿಯ ಗಂಟೆ ಕೇಳುತ್ತಿತ್ತು. "ನಾಳೆ ಸಂಜೀತನಕ ತಡೀರಿ. ಎಲ್ಲಾ ಫೋನಿನಾಗ ಹಾಕಿ ನೋಡಿ ಹೇಳತೇನಿ."

"ನಾಳೆ ಮುಂಜಾನಿಂದ ನಂದ ನಿಯಮ ಐತಿ. ಮುಟ್ಟಾಕ ಬರೂದಿಲ್ಲ."

"ಹಂಗಾದ್ರ ಪರ್ವ ಮುಗಿಸೇ ಬಿಡ್ರಿ. ಓಡಿ ಹೋಗತೈತೇನ ಅದು?"

ಆಗಲಿ ಎಂದು ಫೋನು ಇಟ್ಟೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕು, ಒಳಗೆ ಹೆಂಡತಿ ತ್ರಿಶಲಾ ತಾಟು ಹಾಕಿ ಕರೆಯುತ್ತಿದ್ದಳು. ಮೂರು ಕಂಪ್ಯೂಟರಿನಲ್ಲಿ ನೋಡಿದ್ದೇನೆ, ಫೋನೇನು ಬೇರೆಯೇ ಅಂದುಕೊಂಡೆ. ಬಿಡುಗಡೆಯ ಗುಂಡಿ ಒತ್ತಿ ಊಟಕ್ಕೆ ಎದ್ದೆ.

ಫೋನು ಬೇರೆಯೇ ಆಗಿತ್ತು. ಆಡುತ್ತ ಎಲ್ಲಿಗೆ ನಿಲ್ಲಿಸಿದ್ದೀರೋ ಅದನ್ನು ಬುಗುರಿ ಉಳಿಸಿ ಇಡುತ್ತದೆ. ಹೊಸ ಆವೃತ್ತಿ ಹಾಗೆ ಉಳಿಸಿದ್ದನ್ನು ಹೊಸ ರೀತಿಗೆ ಬದಲಾಯಿಸುತ್ತಿತ್ತು. ಕಂಪ್ಯೂಟರಿನಲ್ಲಿ ಹಳೆಯದರ ಒಂದು ಪ್ರತಿಯನ್ನು ಪಕ್ಕಕ್ಕಿಟ್ಟು ಬದಲಾಯಿಸಿತು. ಫೋನಿನಲ್ಲಿ ಆ ಪ್ರತಿ ಇಡಲು ಅನುಮತಿ ಇರಲಿಲ್ಲ, ಬದಲಾಯಿಸುವುದು ಅರ್ಧಕ್ಕೆ ನಿಂತು ಇದ್ದದ್ದೂ ಅಳಿಸಿಹೋಯಿತು. ಎರಡು ವರ್ಷ, ಮೂರು ವರ್ಷ ಆಡಿದವರ ಆಟ ಒಂದು ಕ್ಷಣದಲ್ಲಿ ಖಾಲಿ. ಒಂದೇ ಒಂದು ಫೋನಿನಲ್ಲಿ ಹಾಕಿ ನೋಡಿದ್ದರೂ ಗೊತ್ತಾಗುತ್ತಿತ್ತು.

ಎರಡನೆಯ ದಿನ ನಾನು ಬಿಳಿ ಪಂಚೆಯುಟ್ಟು ಬಸದಿಯ ಕಟ್ಟೆಯ ಮೇಲಿದ್ದಾಗ ತ್ರಿಶಲಾ ಬಂದು ಮೆಲ್ಲಗೆ ಹೇಳಿದಳು.

"ಮನೀಷಾಂದ ಫೋನ್ ಬಂದಿತ್ರಿ. ಮಂದೀದ ಆಟ ಅಳಸಿ ಹೋಗಾಕತ್ತಾವಂತ. ಹಿಂದ ತಗೋಬೇಕಂತ. ನೀವ ಮುಟ್ಟೂದ ಬ್ಯಾಡ, ಪಾಸ್‌ವರ್ಡ್ ಬಾಯಿಲೆ ಹೇಳ್ರಿ ಸಾಕು, ಆಕೀನ ಮಾಡತಾಳಂತ."

ಬಾಯಿಂದ ಹೇಳಿದರೆ ನಿಯಮವೂ ಉಳಿಯುತ್ತಿತ್ತು, ಮಂದಿಯ ಆಟವೂ ಉಳಿಯುತ್ತಿತ್ತು. ಆದರೆ ಪಕ್ಕದಲ್ಲಿ ನೇಮಿನಾಥ ಕಾಕಾ ಕೂತಿದ್ದರು. "ಸಂಸಾರದ ಸುದ್ದಿ ಇಲ್ಲಿ ಬ್ಯಾಡ. ಪರ್ವ ಮುಗೀಲಿ" ಎಂದೆ, ಅವರಿಗೆ ಕೇಳುವ ಹಾಗೆ. ಕಾಕಾ ನನ್ನ ಬೆನ್ನು ತಟ್ಟಿದರು. ತ್ರಿಶಲಾ ಮನೆಯ ಕಡೆ ತಿರುಗಿದಳು.

ಐದನೆಯ ದಿನ ಸೋಮವಾರ. ಪರ್ವದಲ್ಲಿ ದಿನಕ್ಕೊಂದರಂತೆ ನೆನೆಯುವ ಹತ್ತು ಧರ್ಮಗಳಲ್ಲಿ ಅಂದು ಉತ್ತಮ ಸತ್ಯದ ದಿನ. ಬೆಳಿಗ್ಗೆ ಪ್ರವಚನ ಕೇಳಿ ಕಣ್ಣು ಒದ್ದೆ ಮಾಡಿಕೊಂಡು ಮನೆಗೆ ಬಂದೆ. ಊಟ ಬಡಿಸುತ್ತ ತ್ರಿಶಲಾ ಅಂದಳು, "ಪರದೇಶದ ಮಂದಿ ನಿಮ್ಮ ಹೆಸರ ಹಿಡದ ಬೈಯಾಕತ್ತಾರಂತ್ರಿ. ಮನೀಷಾ ಪಾಪ ಎಲ್ಲಾರಿಗೂ ಒಬ್ಬಾಕಿನ ಉತ್ತರಾ ಕೊಡಾಕತ್ತಾಳ."

ಮಂದಿಯ ಆಟ ಹೋಯಿತೆಂದಾಗ ಕದಲದವನು, ನನಗೆ ಬೈಯುತ್ತಾರೆಂದಾಗ ಎದ್ದೆ. ತ್ರಿಶಲಾ ಭಾಂಡಿ ತೊಳೆಯಲು ಹಿತ್ತಲಿಗೆ ಹೋದಳು. ಕಪಾಟಿನಲ್ಲಿ ಅವಳು ತನ್ನ ಸೀರೆಗಳ ಕೆಳಗೆ ಎತ್ತಿಟ್ಟಿದ್ದ ನನ್ನ ಫೋನು ತೆಗೆದೆ. ಬೈಗುಳ ಓದಿದೆ. ಬುಗುರಿಯ ಪುಟದಲ್ಲಿ ಎಲ್ಲರಿಗೂ ಕಾಣುವ ಕಡೆ ಎರಡು ಸಾಲು ಬರೆದೆ: 'ಫೋನಿನ ಆವೃತ್ತಿಯನ್ನು ಪರೀಕ್ಷಿಸುವುದು ಮನೀಷಾ ಅವರ ಜವಾಬ್ದಾರಿ. ಅವರು ಪರೀಕ್ಷಿಸಿ ಸರಿಯಿದೆ ಎಂದ ಮೇಲೆಯೇ ನಾನು ಬಿಡುಗಡೆ ಮಾಡಿದೆ.'

ಹಿಂದಕ್ಕೆ ಪಡೆಯುವ ಗುಂಡಿ ಅದೇ ಫೋನಿನಲ್ಲಿತ್ತು. ಒತ್ತಬಹುದಿತ್ತು. ಆದರೆ ಒತ್ತಿದರೆ ತಪ್ಪು ನನ್ನದೆಂದು ಒಪ್ಪಿದ ಹಾಗಾಗುತ್ತದೆ. ಹಾಳಾಗುವುದು ಹಾಳಾಗಿದೆ, ಇನ್ನು ಹೊಸದಾಗಿ ಯಾರದೂ ಹೋಗಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಫೋನನ್ನು ಮತ್ತೆ ಸೀರೆಯ ಕೆಳಗೆ ತಳ್ಳಿ, ಕೈ ತೊಳೆದುಕೊಂಡು ಬಸದಿಗೆ ಹೋದೆ.

ನಾನು ಫೋನು ಇಟ್ಟದ್ದು ಬೇರೆ ಸೀರೆಯ ಕೆಳಗೆ ಇರಬೇಕು. ಯಾಕೆಂದರೆ ಹತ್ತನೆಯ ದಿನ ನನಗೆ ಶಾಲು ಹೊದಿಸುವಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಹೆಂಗಸರ ಸಾಲಿನಲ್ಲಿ ತ್ರಿಶಲಾ ನೆಲ ನೋಡುತ್ತ ಕೂತಿದ್ದಳು.

ಪರ್ವ ಮುಗಿದ ಮರುದಿನ, ಭಾನುವಾರ, ತಪ್ಪು ಹುಡುಕಿ ತಿದ್ದಿ ಹೊಸ ಆವೃತ್ತಿ ಬಿಟ್ಟೆ. ಒಂದು ಗಂಟೆಯ ಕೆಲಸ. ಅಳಿಸಿಹೋದ ಆಟಗಳು ಮಾತ್ರ ಬರುವ ಹಾಗಿರಲಿಲ್ಲ. ಏನೇನು ಬದಲಾಗಿದೆ ಎಂದು ಬಿಡುಗಡೆಯ ಜೊತೆಗೆ ಒಂದು ಟಿಪ್ಪಣಿ ಬರೆಯುತ್ತೇವೆ. 'ಕೆಲವು ಫೋನುಗಳಲ್ಲಿ ಕಂಡುಬಂದ ತೊಂದರೆಯನ್ನು ಸರಿಪಡಿಸಲಾಗಿದೆ' ಎಂದಷ್ಟೇ ಬರೆದೆ.

ಸೋಮವಾರ ಕ್ಷಮಾವಣಿ. ವರ್ಷದಲ್ಲಿ ಮಾಡಿದ ತಪ್ಪಿಗೆಲ್ಲ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಹಿಂದೆ ನನ್ನ ಅಜ್ಜ ಅಂದು ಮನೆಮನೆಗೆ ಹೋಗಿ, ಮಾತು ಬಿಟ್ಟವರ ಬಾಗಿಲಿಗೂ ಹೋಗಿ ಕೈ ಮುಗಿದು ಬರುತ್ತಿದ್ದ. ಈಗ ಅಷ್ಟು ಕಷ್ಟವಿಲ್ಲ. 'ತಿಳಿದೋ ತಿಳಿಯದೆಯೋ ನನ್ನಿಂದ ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಮನ ವಚನ ಕಾಯದಿಂದ ಕ್ಷಮೆ ಬೇಡುತ್ತೇನೆ' ಎಂಬ ಮೆಸೇಜು, ಕೆಳಗೆ ಕಮಲದ ಚಿತ್ರ. ಫೋನಿನಲ್ಲಿದ್ದ ಎಲ್ಲರಿಗೂ ಒಂದೇ ಏಟಿಗೆ ಕಳಿಸಿದೆ. ಇನ್ನೂರಕ್ಕೂ ಹೆಚ್ಚು ಮಂದಿ ಕೈ ಮುಗಿದ ಚಿತ್ರ ಕಳಿಸಿದರು. ಒಬ್ಬಳು ಮಾತ್ರ ಪ್ರಶ್ನೆ ಕಳಿಸಿದಳು.

"ಯಾವುದಕ್ಕ್ರಿ ಅಣ್ಣಾ?"

ಏನು ಬರೆಯಲಿ ಎಂದು ಒಂದು ತಾಸು ಶೆಡ್ಡಿನಲ್ಲಿ ಸುಮ್ಮನೆ ಓಡಾಡಿದೆ. ತ್ರಿಶಲಾ ಬಂದು ಬೈಕಿನ ಕೀಲಿ ಕೈಗಿಟ್ಟಳು. "ಹೋಗಿ ಬರ್ರಿ" ಎಂದಳು. ಎಲ್ಲಿಗೆ ಎಂದು ನಾನೂ ಕೇಳಲಿಲ್ಲ.

ಅಕ್ಕೋಳ ಮುಟ್ಟಿದಾಗ ಹನ್ನೊಂದು ಗಂಟೆ. ಪಡಸಾಲೆಯ ಮಂಚದ ಮೇಲೆ ಗೌರಾಬಾಯಿ ದಿಂಬಿಗೆ ಫೋನು ಆನಿಸಿಟ್ಟುಕೊಂಡು ಹೆಬ್ಬೆರಳಿನಿಂದ ಇರುವೆ ಓಡಿಸುತ್ತಿದ್ದರು. ಮನೀಷಾ ಒಳಬಾಗಿಲಿನಲ್ಲಿ ನಿಂತಳು, ಬರ್ರಿ ಅಂದಳು, ಮುಂದೆ ಬರಲಿಲ್ಲ. ಹತ್ತು ದಿನದಲ್ಲಿ ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು.

"ಬಾ ತಮ್ಮಾ, ಕುಂದರ" ಎಂದರು ಗೌರಾಬಾಯಿ. ಏನಾದರೂ ಮಾತಾಡಬೇಕಲ್ಲ ಎಂದು ಯಾವಾಗಿನ ಹಾಗೆ ಕೇಳಿದೆ, "ಎಷ್ಟನೇದ ನಡದೈತ್ರಿ ಅವ್ವಾ?"

"ಒಂಬತ್ತ."

ನನಗೆ ಕುಳಿತುಕೊಳ್ಳಲು ಆಗಲಿಲ್ಲ. ಈ ಮನೆಯ ಫೋನಿಗೂ ಆ ಆವೃತ್ತಿ ಬಂದಿರಬಹುದು ಎಂದು ಹತ್ತು ದಿನದಲ್ಲಿ ಒಮ್ಮೆಯೂ ನನ್ನ ತಲೆಗೆ ಹೊಳೆದಿರಲಿಲ್ಲ. ಮನೀಷಾ ಇದ್ದಾಳಲ್ಲ, ನೋಡಿಕೊಂಡಿರುತ್ತಾಳೆ ಎಂದಾದರೂ ಅಂದುಕೊಂಡಿದ್ದೆನೇ? ಅದೂ ಇಲ್ಲ.

"ಹೋತಪಾ, ಎಲ್ಲಾ ಅಳಸಿ ಹೋತ" ಎಂದರು ಗೌರಾಬಾಯಿ. "ಇರ್ಲಿ, ಕೈ ಪಳಗೇತಿ, ಈ ಸಲ ಲಗೂನ ಆಗತೈತಿ. ನನಗ ಅದರ ಸಂಕಟ ಇಲ್ಲ. ನಮ್ಮ ಹುಡಿಗಿಗಿ ಮಂದಿ ಬಾಯಿಗೆ ಬಂದಂಗ ಬೈದಾರ ನೋಡ. ನಿನ್ನ ಹೆಸರ್ಲೆ ಯಾರೋ ಸುಳ್ಳ ಬರದಾರಂತ. ಇಕಿ ನೀನ ಬರದಿ ಅಂತಾಳ. ನಾ ಹೇಳೇನಿ, ಅಂವಾ ಅಲ್ಲಬೇ, ಅಂವಾ ಮಹಾರಾಜರ ಮುಂದ ನಿಯಮ ತಗೊಂಡಾನ, ಮುಟ್ಟೂ ಮನಿಶ್ಯಾ ಅಲ್ಲ. ಮತ್ತ್ಯಾರೋ ಬರದಾರ ಅಂತ. ಹೌದಿಲ್ಲೋ?"

ಮನೀಷಾ ನನ್ನನ್ನೇ ನೋಡುತ್ತಿದ್ದಳು. ಹೌದ್ರಿ, ಯಾರೋ ನನ್ನ ಪಾಸ್‌ವರ್ಡು ಕದ್ದಿದ್ದಾರೆ ಅಂದರೆ ಮುಗಿದುಹೋಗುತ್ತಿತ್ತು. ದಿನಾ ಯಾರದಾದರೂ ಕದಿಯುತ್ತಾರೆ, ಯಾರೂ ಸಾಕ್ಷಿ ಕೇಳುವುದಿಲ್ಲ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆಯಿಟ್ಟು, ಸ್ವಂತ ಮಗಳ ಮಾತನ್ನೂ ತಳ್ಳಿಹಾಕಿದ ಆ ಮುದುಕಿಯ ಎದುರು ನಿಂತಾಗ ನನಗಾದ ನಾಚಿಕೆ ಹಿಂದೆಂದೂ ಆಗಿರಲಿಲ್ಲ.

"ನಾನ ಬರದೇನ್ರಿ ಅವ್ವಾ" ಎಂದೆ. "ಆಕಿ ತಡೀರಿ ಅಂದಿದ್ಲು. ನಾನ ಕೇಳಲಿಲ್ಲ. ತಪ್ಪೂ ನಂದ, ಸುಳ್ಳೂ ನಂದ."

ಹೆಬ್ಬೆರಳು ನಿಂತಿತು. ತೆರೆಯ ಮೇಲೆ ಹನಿ ಬಿದ್ದು ಇರುವೆ ಸತ್ತಿತು.

"ಹಂಗಾರ ನಿಯಮ?"

"ಮುರದೆ."

"ಯಾವತ್ತ?"

"ಐದನೇ ದಿನ್ರಿ. ಸೋಮವಾರ."

ಗೌರಾಬಾಯಿ ಮಗಳ ಕಡೆ ತಿರುಗಿದರು. "ನನ್ನ ಆಟ ಕಾಗವಾಡದಾಗ ಅಳಸಿ ಹೋಗಿದ್ದ ಯಾವತ್ತಬೇ? ಗುರುವಾರ ಅಲ್ಲ?"

ಮನೀಷಾ ಆಗ ಬಾಯಿ ಬಿಟ್ಟಳು. "ಮೊನ್ನಿ ಗುರುವಾರ. ಇಲ್ಲಿ ಇರೂತನಕ ಅವ್ವನ ಫೋನ್ ಅಪ್‌ಡೇಟ್ ಆಗದಂಗ ಕಾದಿದ್ದೆ. ಐದ ದಿನದ ಗಣಪತಿ ಕಳಿಸಿ, ಸೋಮವಾರ ಮುಂಜಾನೆ ಅವ್ವ ಕಾಗವಾಡಕ್ಕ ಅಕ್ಕನ ಮನಿಗಿ ಹ್ವಾದ್ಲು. ಅಲ್ಲಿ ವೈಫೈ ಐತಿ, ಮಧ್ಯಾಹ್ನ ಫೋನ್ ಮಾಡಿ ಅಕ್ಕಗ ಹೇಳಬೇಕು ಅಂತ ಮಾಡಿದ್ದೆ. ಮಧ್ಯಾಹ್ನ ನಿಮ್ಮ ಆ ಎರಡ ಸಾಲ ಬಂದೂ. ಆಮ್ಯಾಲ ಬೈಯೂ ಮಂದಿಗಿ ಉತ್ತರಾ ಕೊಡೂದರಾಗ ನನ್ನ ಅವ್ವನ ಫೋನ ನಾ ಮರತ ಬಿಟ್ಟೆ."

ಗೌರಾಬಾಯಿ ತಮ್ಮ ಹೆಬ್ಬೆರಳನ್ನು ಎಡಗೈಯಿಂದ ನೀವಿಕೊಳ್ಳುತ್ತಿದ್ದರು.

"ಸೋಮವಾರ ಫೋನ ನಿನ್ನ ಕೈಯಾಗ ಇತ್ತು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದ ಮಗುವಿಗೆ ಕೇಳುವ ಹಾಗೆ ಕೇಳಿದರು. "ಆವಾಗ ಅದನ್ನ ನಿಂದರಸಾಕ ಬರತಿತ್ತೇನ?"

"ಬರತಿತ್ರಿ."

"ಭಾಳ ಹೊತ್ತಿನ ಕೆಲಸೇನ?"

"ಇಲ್ರಿ. ಒಂದ ಗುಂಡಿ ಒತ್ತೂದು."

ಬಾಗಿ ಅವರ ಕಾಲು ಮುಟ್ಟಿದೆ. ಮನೀಷಾಳಿಗೆ ಕೈ ಮುಗಿದೆ. "ಇಲ್ಲಿ ಕೈ ಮುಗದ್ರ ಯಾರಿಗಿ ಕಾಣಬೇಕ್ರಿ?" ಎಂದಳು ಅವಳು. "ಮಂದಿ ಮುಂದ ನನ್ನ ಹೆಸರ ಬರದೀರಿ. ಮಂದಿ ಮುಂದನ ಬರೀರಿ."

ಅಲ್ಲೇ ನೆಲದ ಮೇಲೆ ಕೂತು ಫೋನು ತೆಗೆದೆ. ಬಿಡುಗಡೆಯ ಟಿಪ್ಪಣಿಯಲ್ಲಿದ್ದ ಆ ಜಾಣ ಸಾಲನ್ನು ಅಳಿಸಿದೆ. ಮನೀಷಾ ಬೇಡವೆಂದರೂ ನಾನು ಪರೀಕ್ಷೆಯಿಲ್ಲದೆ ಬಿಡುಗಡೆ ಮಾಡಿದ್ದು, ಆಮೇಲೆ ಅವಳ ಮೇಲೆ ಸುಳ್ಳು ಹೊರಿಸಿದ್ದು, ಎರಡನ್ನೂ ನನ್ನ ಹೆಸರು ಹಾಕಿ ಬರೆದೆ. ಪಾಸ್‌ವರ್ಡನ್ನು ಚೀಟಿಯ ಮೇಲೆ ಬರೆದು ಮನೀಷಾಳ ಕಡೆ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. "ನಾ ಇನ್ನ ಬುಗರಿಗಿ ಬರತೇನಿ ಇಲ್ಲೋ ಗೊತ್ತಿಲ್ರಿ" ಎಂದಳು. ಚೀಟಿಯನ್ನು ಮಂಚದ ಮೇಲೆ ಇಟ್ಟೆ.

"ಏನ ಬರದಿ, ಓದ ನೋಡೂಣು" ಎಂದರು ಗೌರಾಬಾಯಿ. ಇಂಗ್ಲಿಷಿನಲ್ಲಿದ್ದುದನ್ನು ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಹೇಳಿದೆ. ಮನೀಷಾ ಬಾಗಿಲಿನಿಂದ ಎರಡು ಹೆಜ್ಜೆ ಈಚೆ ಬಂದು ಕೇಳಿಸಿಕೊಂಡಳು. ಮುಗಿಯಿತು, ಎಲ್ಲ ಒಪ್ಪಿಕೊಂಡೆ ಎಂದು ನನಗೆ ಎದೆ ಸ್ವಲ್ಪ ಹಗುರಾಗಿತ್ತು. ಕಳಿಸಲು ಬೆರಳು ಎತ್ತಿದೆ.

"ಗುರುವಾರದ್ದ ಬರದಿಯೇನ ತಮ್ಮಾ?"

ಬರೆದಿರಲಿಲ್ಲ. ನಿಲ್ಲಿಸಬಹುದಿದ್ದ ಸೋಮವಾರ ನಿಲ್ಲಿಸಲಿಲ್ಲ, ಅದಕ್ಕೇ ಗುರುವಾರ ಅವರ ಆಟ ಹೋಯಿತು ಎಂಬುದು ಜಗತ್ತಿನಲ್ಲಿ ಈ ಪಡಸಾಲೆಯ ಮೂವರನ್ನು ಬಿಟ್ಟರೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಅದಕ್ಕೇ ನನ್ನ ಕೈ ಅದನ್ನು ತಾನಾಗಿ ಬಿಟ್ಟಿತ್ತು. ಬೆರಳು ಕೆಳಗಿಳಿಸಿ ಮತ್ತೆ ಬರೆದೆ: ಸೋಮವಾರ ಫೋನು ನನ್ನ ಕೈಯಲ್ಲಿತ್ತು, ಆವತ್ತು ಇದನ್ನು ಹಿಂದಕ್ಕೆ ಪಡೆಯಬಹುದಿತ್ತು, ಪಡೆಯಲಿಲ್ಲ, ಆಮೇಲೆ ಆಟ ಕಳೆದುಕೊಂಡವರೆಲ್ಲ ಕಳೆದುಕೊಂಡದ್ದು ಅದರಿಂದ. ಅದನ್ನೂ ಓದಿ ಹೇಳಿ, ಕಳಿಸಿದೆ.

ಹಾಗೆ ಕಳೆದುಕೊಂಡವರು ಎಷ್ಟು ಮಂದಿ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಒಬ್ಬರ ಹೆಸರು ಮಾತ್ರ ಗೊತ್ತಿದೆ. ಅವರು ಆಗಲೇ ಫೋನು ದಿಂಬಿಗೆ ಆನಿಸಿ, ಒಂಬತ್ತನೆಯ ಗೂಡನ್ನು ಮತ್ತೆ ಮೊದಲಿನಿಂದ ಶುರು ಮಾಡಿದ್ದರು.